ಅಪ್ಪ ಓಡಿಸಬಹುದು, ನಾನು ಓಡಿಸುವಂತಿಲ್ಲ

2023ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಹೊರವಲಯದ ಸೂಪರ್ ಮಾರ್ಕೆಟ್ಟೊಂದರ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಹಾಸನದಿಂದ ಬಂದು ಇನ್ನೂ ಎಂಟು ದಿನವೂ ಆಗಿರದ ನನ್ನ ಅಪ್ಪ ನನ್ನ ಕಾರಿನ ಸ್ಟೇರಿಂಗ್ ಹಿಡಿದು ಕುಳಿತಿದ್ದರು. ಮನೆಯಿಂದ ಅಲ್ಲಿಯವರೆಗಿನ ಅರ್ಧ ಕಿಲೋಮೀಟರು ಕಾರನ್ನು ತಂದವರೂ ಅವರೇ. ನಾನು ಪಕ್ಕದ ಸೀಟಿನಲ್ಲಿ ಕುಳಿತು ದಾರಿ ಹೇಳುತ್ತಿದ್ದೆ. ನಲವತ್ತು ವರ್ಷ ರಸ್ತೆಯ ಎಡಬದಿಯಲ್ಲೇ ಓಡಿಸಿದ ಅರವತ್ತೆಂಟರ ಮನುಷ್ಯ ಗೇರ್ ಬದಲಿಸಲು ಹೋದಾಗಲೆಲ್ಲ ಎಡಗೈ ಬಾಗಿಲಿಗೆ ಬಡಿಯುತ್ತಿತ್ತು. ತಿರುಗುವ ಮುನ್ನ ಇಂಡಿಕೇಟರ್ ಹಾಕಲು ಹೋದರೆ, ಆ ಕಡ್ಡಿ ನಮ್ಮೂರ ಕಾರುಗಳಲ್ಲಿ ಇರುವ ಕಡೆ ಇಲ್ಲಿ ವೈಪರಿನ ಕಡ್ಡಿ ಇರುವುದರಿಂದ, ಬಿಸಿಲಿನಲ್ಲಿ ಒಣ ಗಾಜಿನ ಮೇಲೆ ವೈಪರ್ ಕಿರ್ರೆಂದು ಓಡುತ್ತಿತ್ತು. ಮೂರನೆಯ ಸಲ ಹಾಗಾದಾಗ ಅವರು ಕಾರು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೇಳಿದರು: "ಅಲ್ಲಮ್ಮಾ, ಈ ಊರಲ್ಲಿ ಮನೆ ಮಾಡ್ಕೊಂಡಿರೋಳು ನೀನು, ತೆರಿಗೆ ಕಟ್ಟೋಳು ನೀನು, ಕಾರೂ ನಿಂದೇ. ಇಲ್ಲಿನ ಬೋರ್ಡು ಓದಕ್ಕೂ ಬರದ ನಾನು ಓಡಿಸ್ಬೋದು, ನೀನು ಓಡಿಸ್ಬಾರ್ದು. ಇದ್ಯಾವ ಸೀಮೆ ಕಾನೂನು?"

ಅಪ್ಪ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಅವರ ಜೇಬಿನಲ್ಲಿ ಕರ್ನಾಟಕದ ಡಿಎಲ್ ಇತ್ತು. ಹೊರಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಸಾವಿರ ರೂಪಾಯಿ ಶುಲ್ಕ ಕಟ್ಟಿ ಮಾಡಿಸಿಕೊಂಡಿದ್ದ, ಒಂದು ವರ್ಷ ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಪುಸ್ತಕವೂ ಇತ್ತು. ವಿಮಾ ಕಂಪನಿಗೆ ಫೋನ್ ಮಾಡಿ ಅವರ ಹೆಸರನ್ನೂ ಸೇರಿಸಿದ್ದೆ. ಜರ್ಮನಿಯಲ್ಲಿ ವಾಸವಿಲ್ಲದ, ನೆಂಟರ ಮನೆಗೆಂದು ಬಂದ ಅವರಿಗೆ ಅಷ್ಟು ಸಾಕಾಗಿತ್ತು. ನನ್ನ ಬಳಿಯೂ ಅದೇ ಕರ್ನಾಟಕದ ಡಿಎಲ್ ಇತ್ತು, ಒಂಬತ್ತು ವರ್ಷ ಬೆಂಗಳೂರಿನ ರಸ್ತೆಗಳಲ್ಲಿ ಓಡಿಸಿದ ಅನುಭವವಿತ್ತು, ಜರ್ಮನಿಯಲ್ಲೇ ಆರು ತಿಂಗಳು ಒಂದು ಗೀರೂ ಬೀಳದಂತೆ ಓಡಿಸಿದ್ದೆ. ಆದರೆ ನಾನು ಇಲ್ಲಿ ವಾಸ ಮಾಡುವವಳು. ಆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಸುತ್ತು ಹಾಕುವುದೂ ನನಗೆ ಅಪರಾಧವಾಗುತ್ತಿತ್ತು, ಏಕೆಂದರೆ ಬೇಲಿ ಗೇಟುಗಳಿಲ್ಲದೆ ಎಲ್ಲರಿಗೂ ತೆರೆದಿರುವ ಪಾರ್ಕಿಂಗ್ ಜಾಗವನ್ನು ಇಲ್ಲಿನ ಕಾನೂನು ಸಾರ್ವಜನಿಕ ರಸ್ತೆಯೆಂದೇ ಎಣಿಸುತ್ತದೆ.

ನಿಯಮ ಹೀಗಿದೆ. ಜರ್ಮನಿಯ ಚಾಲನಾ ಪರವಾನಗಿ ನಿಯಮಾವಳಿಯ 29ನೇ ಕಲಮಿನ ಪ್ರಕಾರ, ಐರೋಪ್ಯ ಒಕ್ಕೂಟದ ಹೊರಗಿನ ದೇಶದ ಪರವಾನಗಿ ಹೊಂದಿದವರು ಇಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳು ಮಾತ್ರ ಅದನ್ನು ಬಳಸಬಹುದು. ಒಟ್ಟು ಹನ್ನೆರಡು ತಿಂಗಳಿಗಿಂತ ಹೆಚ್ಚು ಇರುವುದಿಲ್ಲವೆಂದು ತೋರಿಸಿಕೊಟ್ಟರೆ ಆ ಅವಧಿಯನ್ನು ಇನ್ನಷ್ಟು ವಿಸ್ತರಿಸಿಕೊಡುತ್ತಾರೆ. ಅಂದರೆ ಬೇಗ ಹೊರಟುಹೋಗುವವರಿಗೆ ಹೆಚ್ಚು ಅವಕಾಶ, ಬೇರೂರಲು ಬಂದವರಿಗೆ ಕಡಿಮೆ. ಇದರ ಬುಡ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲಿದೆ. ಒಂದು ದೇಶದ ಪರವಾನಗಿಯನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕೆಂದು ಹೇಳುವ ಅದರ 41ನೇ ವಿಧಿಯೇ, ವಾಸವನ್ನು ತನ್ನ ನೆಲಕ್ಕೆ ಬದಲಾಯಿಸಿಕೊಂಡವರ ವಿಷಯದಲ್ಲಿ ಯಾವ ದೇಶವೂ ಆ ಮಾನ್ಯತೆಗೆ ಬದ್ಧವಾಗಿರಬೇಕಿಲ್ಲ ಎಂದೂ ಹೇಳುತ್ತದೆ. ಆಗಾಗ ಬಂದುಹೋಗುವ ಪ್ರವಾಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣೆದ ಒಪ್ಪಂದವದು. ದೇಶ ಬದಲಿಸಿ ಬದುಕುವವರು ಅದರ ಲೆಕ್ಕದಲ್ಲಿ ಬಂದಿರುವುದು ಹೀಗೆ ಒಂದು ವಿನಾಯಿತಿಯ ವಾಕ್ಯವಾಗಿ ಮಾತ್ರ.

ನಾನು ವಾಸದ ನೋಂದಣಿ ಮಾಡಿಸಿದ್ದು 2022ರ ಸೆಪ್ಟೆಂಬರ್ 1ರಂದು. 2023ರ ಫೆಬ್ರವರಿ 28ರ ಸಂಜೆ ಕೆಲಸ ಮುಗಿಸಿ, ಮಂಜು ಬೆರೆತ ಮಳೆಯಲ್ಲಿ, ಬೆಟ್ಟದ ಇಳಿಜಾರಿನ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಮನೆಗೆ ಬಂದೆ. ಅಂದು ರಾತ್ರಿ ಹನ್ನೆರಡು ಗಂಟೆಯವರೆಗೆ ನಾನು ಅರ್ಹ ಚಾಲಕಿ. ಹನ್ನೆರಡು ದಾಟಿದ ಮೇಲೆ ಅದೇ ಕೈ, ಅದೇ ಕಣ್ಣು, ಅದೇ ಕಾರು ಇದ್ದರೂ ನಾನು ಪರವಾನಗಿ ಇಲ್ಲದವಳು. ಕೀಲಿ ತಿರುಗಿಸಿದರೆ ರಸ್ತೆ ಸಂಚಾರ ಕಾಯಿದೆಯ 21ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ. ನಮ್ಮಲ್ಲಿ ಲೈಸೆನ್ಸ್ ಮನೆಯಲ್ಲಿ ಮರೆತು ಬಂದಿದ್ದೇನೆಂದು ಟ್ರಾಫಿಕ್ ಪೊಲೀಸರೊಂದಿಗೆ ಮಾತಾಡಿ ಮುಗಿಸಿಕೊಳ್ಳುವ ಸಂಗತಿಯಲ್ಲ ಇದು. ಕ್ರಿಮಿನಲ್ ಪ್ರಕರಣ. ವೀಸಾ ನವೀಕರಣಕ್ಕೆ ಕಾದಿರುವ ಯಾರೂ ಆ ಸಾಹಸಕ್ಕೆ ಕೈಹಾಕುವುದಿಲ್ಲ. ಆ ರಾತ್ರಿಯಿಂದ ಏಳೂವರೆ ತಿಂಗಳು ನನ್ನ ಕಾರು ರಸ್ತೆಯ ಬದಿಯಲ್ಲಿ ನಿಂತಿತ್ತು. ಅಪ್ಪ ಇದ್ದ ಮೂರು ತಿಂಗಳು ಬಿಟ್ಟರೆ ಉಳಿದಂತೆ ಅದಕ್ಕೆ ವಿಮೆ ಕಟ್ಟುವುದಷ್ಟೇ ನನ್ನ ಕೆಲಸವಾಯಿತು.

ನನ್ನ ಉದ್ಯೋಗದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು, ಏಕೆಂದರೆ ಸಹೋದ್ಯೋಗಿಗಳು ನಕ್ಕಿದ್ದು ಅದಕ್ಕಾಗಿಯೇ. ಕಾರಿನ ಬ್ರೇಕ್‌ಗಳನ್ನು ನಿಯಂತ್ರಿಸುವ ತಂತ್ರಾಂಶವನ್ನು ಪರೀಕ್ಷಿಸುವುದು ನನ್ನ ಕೆಲಸ. ಕಾರು ಜಾರದಂತೆ ಯಾವ ಚಕ್ರಕ್ಕೆ ಎಷ್ಟು ಒತ್ತಡ ಹೋಗಬೇಕೆಂದು ಹೇಳಲು ನನಗೆ ಅರ್ಹತೆಯಿದೆ. ಆ ಕಾರನ್ನು ಗೇಟಿನ ಹೊರಗೆ ಒಯ್ಯಲು ಇಲ್ಲ. ಕಾರು ಹುಟ್ಟಿದ ಸೀಮೆಯಿದು. 1888ರಲ್ಲಿ ಕಾರ್ಲ್ ಬೆಂಜ್ ತನ್ನ ವಾಹನವನ್ನು ರಸ್ತೆಗಿಳಿಸಲು ಬಾಡೆನ್ ಸಂಸ್ಥಾನದ ಅಧಿಕಾರಿಗಳಿಂದ ಅನುಮತಿ ಪತ್ರ ಪಡೆದದ್ದನ್ನೇ ಚಾಲನಾ ಪರವಾನಗಿಯ ಮೂಲವೆಂದು ಇಲ್ಲಿನವರು ಹೇಳಿಕೊಳ್ಳುತ್ತಾರೆ. ಅದೇ ವರ್ಷದ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ, ಗಂಡನಿಗೂ ಹೇಳದೆ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿಕೊಂಡು ಹೋದಳು. ಫೋರ್ಟ್ಸ್‌ಹೈಮ್ ನಮ್ಮಲ್ಲಿಂದ ಹತ್ತಿರ. ಮೊದಲ ದೂರ ಪ್ರಯಾಣದ ಚಾಲಕಿಯನ್ನು ಅಂದು ಯಾರೂ ಕಾಗದ ಕೇಳಿದಂತಿಲ್ಲ.

ಪರದೇಶದ ಪರವಾನಗಿಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಆರು ತಿಂಗಳಾದ ಮೇಲೆ ಎಲ್ಲರೂ ಪರೀಕ್ಷೆ ಬರೆಯಿರಿ ಎಂದಿದ್ದರೆ ಅದೊಂದು ನ್ಯಾಯ. ಆದರೆ ಆ ನಿಯಮಾವಳಿಗೆ 11ನೇ ಅನುಬಂಧವೆಂಬ ಪಟ್ಟಿಯೊಂದಿದೆ. ಆ ಪಟ್ಟಿಯಲ್ಲಿರುವ ದೇಶದ ಪರವಾನಗಿ ಇದ್ದವರು ಅರ್ಜಿ ಮತ್ತು ಸಣ್ಣ ಶುಲ್ಕದೊಂದಿಗೆ ಹಳೆಯ ಕಾರ್ಡು ಕೊಟ್ಟು ಜರ್ಮನಿಯ ಕಾರ್ಡು ಪಡೆಯುತ್ತಾರೆ, ಪರೀಕ್ಷೆಯಿಲ್ಲ. ಜಪಾನ್, ದಕ್ಷಿಣ ಕೊರಿಯ, ಸಿಂಗಪುರ, ಇಸ್ರೇಲ್, ಸ್ವಿಟ್ಜರ್ಲೆಂಡ್, ದಕ್ಷಿಣ ಆಫ್ರಿಕ, ನಮೀಬಿಯ ಅದರಲ್ಲಿವೆ. ಭಾರತ ಇಲ್ಲ. ಅಮೆರಿಕವನ್ನು ಒಂದು ದೇಶವಾಗಿಯೂ ಎಣಿಸದೆ ರಾಜ್ಯಗಳಾಗಿ ಬಿಡಿಸಿದ್ದಾರೆ: ಟೆಕ್ಸಸ್‌ನವರಿಗೆ ಯಾವ ಪರೀಕ್ಷೆಯೂ ಇಲ್ಲ, ಫ್ಲಾರಿಡಾದವರಿಗೆ ಲಿಖಿತ ಪರೀಕ್ಷೆ ಮಾತ್ರ, ಕ್ಯಾಲಿಫೋರ್ನಿಯದವರಿಗೆ ಎರಡೂ.

ಗಮನಿಸಬೇಕಾದ್ದೆಂದರೆ ಈ ಪಟ್ಟಿ ನಿಮ್ಮ ಪಾಸ್‌ಪೋರ್ಟನ್ನು ಕೇಳುವುದಿಲ್ಲ, ಕಾರ್ಡು ಕೊಟ್ಟ ಸರ್ಕಾರ ಯಾವುದೆಂದು ಮಾತ್ರ ಕೇಳುತ್ತದೆ. ನಮ್ಮ ವಿಭಾಗದಲ್ಲಿ ದಾವಣಗೆರೆಯ ಹುಡುಗನೊಬ್ಬನಿದ್ದಾನೆ. ಎಂ.ಎಸ್. ಓದಲು ಹ್ಯೂಸ್ಟನ್ನಿಗೆ ಹೋದವನು ಜೀವನದಲ್ಲಿ ಮೊದಲ ಬಾರಿಗೆ ಕಾರು ಕಲಿತದ್ದೇ ಅಲ್ಲಿ, ಅದೂ ಆಟೊಮ್ಯಾಟಿಕ್. ಅವನಿಗೆ ಇಲ್ಲಿ ಕೆಲವೇ ವಾರಗಳಲ್ಲಿ ಕಾರ್ಡು ಬಂತು. ಅವನ ಪಕ್ಕದ ಮೇಜಿನವಳು ಅಚ್ಚ ಅಮೆರಿಕನ್ನಳು, ಹದಿನಾರನೆಯ ವಯಸ್ಸಿನಿಂದ ಕ್ಯಾಲಿಫೋರ್ನಿಯದಲ್ಲಿ ಓಡಿಸಿದವಳು. ಅವಳು ನನ್ನೊಂದಿಗೆ ಡ್ರೈವಿಂಗ್ ಸ್ಕೂಲಿನ ಬೆಂಚಿನಲ್ಲಿ ಕುಳಿತಿದ್ದಳು. ನಮ್ಮ ಮೂವರಲ್ಲಿ ಯಾರ ಕೈ ಪಳಗಿದೆ ಎಂಬ ಪ್ರಶ್ನೆ ಆ ವ್ಯವಸ್ಥೆಯ ಯಾವ ಹಂತದಲ್ಲೂ ಏಳಲಿಲ್ಲ. ಹಾಗಾಗಿ ಇದನ್ನು ಬಣ್ಣದ ತಾರತಮ್ಯವೆಂದು ಸುಲಭವಾಗಿ ಕರೆದುಬಿಡಲು ನಾನು ಒಪ್ಪುವುದಿಲ್ಲ. ಇದು ಸರ್ಕಾರ ಸರ್ಕಾರಗಳ ನಡುವಿನ ಕೊಡುಕೊಳ್ಳುವಿಕೆ, ಮದುವೆಮನೆಯ ಮುಯ್ಯಿಯ ಹಾಗೆ: ನೀವು ನಮ್ಮವರ ಕಾರ್ಡನ್ನು ಒಪ್ಪಿದರೆ ನಾವು ನಿಮ್ಮವರದನ್ನು ಒಪ್ಪುತ್ತೇವೆ. ಆದರೆ ಜನರಿಗೆ ಹೇಳುವಾಗ ಮಾತ್ರ ಅದಕ್ಕೆ ರಸ್ತೆ ಸುರಕ್ಷತೆಯೆಂದು ಹೆಸರು.

ಸುರಕ್ಷತೆಯ ಮಾತು ಪೂರ್ತಿ ಪೊಳ್ಳು ಎಂದೂ ನಾನು ಹೇಳಲಾರೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದೇ ವರ್ಷ ಜರ್ಮನಿಯಲ್ಲಿ 2,788. ಜನಸಂಖ್ಯೆಯ ಲೆಕ್ಕ ಹಿಡಿದರೂ ನಮ್ಮಲ್ಲಿ ಲಕ್ಷಕ್ಕೆ ಸುಮಾರು 12, ಇಲ್ಲಿ 3ಕ್ಕಿಂತ ತುಸು ಹೆಚ್ಚು. ಹಾಗೆಯೇ ನನ್ನ ಡಿಎಲ್ ಹೇಗೆ ಬಂತೆಂಬುದನ್ನೂ ಮುಚ್ಚಿಡಬಾರದು. ಡ್ರೈವಿಂಗ್ ಸ್ಕೂಲಿನವರೇ ಎಲ್‌ಎಲ್‌ಆರ್ ಮಾಡಿಸಿ, ಹದಿನೈದು ದಿನ ಬೆಳಿಗ್ಗೆ ಅರ್ಧರ್ಧ ಗಂಟೆ ಕಲಿಸಿ, ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಬ್ರೇಕ್ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಕುಳಿತು ಕಾಗದಕ್ಕೆ ಸಹಿ ಹಾಕುತ್ತಲೇ "ಹಾಂ, ಮೂವ್ ಮಾಡಿ, ಸೆಕೆಂಡ್ ಹಾಕಿ, ಸಾಕು, ಸೈಡಿಗೆ ನಿಲ್ಸಿ" ಎಂದರು. ಇನ್ನೂರು ಮೀಟರು. ಅವರು ತಲೆಯೆತ್ತಿ ರಸ್ತೆ ನೋಡಿದ್ದು ನನಗೆ ನೆನಪಿಲ್ಲ. ಅಂಥ ಪರೀಕ್ಷೆಯ ಕಾರ್ಡನ್ನು ಇನ್ನೊಂದು ದೇಶ ಕಣ್ಣುಮುಚ್ಚಿ ಒಪ್ಪಬೇಕೆಂದು ವಾದಿಸಲು ನನಗೆ ಬಾಯಿ ಬರುವುದಿಲ್ಲ.

ಆದರೆ ಸುರಕ್ಷತೆಯೇ ಅಳತೆಗೋಲಾಗಿದ್ದರೆ ಪಟ್ಟಿ ಬೇರೆಯೇ ಆಗಿರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜುಗಳಲ್ಲಿ ದಕ್ಷಿಣ ಆಫ್ರಿಕದ ರಸ್ತೆ ಸಾವಿನ ಪ್ರಮಾಣ ಭಾರತದ್ದಕ್ಕಿಂತ ಹೆಚ್ಚು, ಅದು ಪಟ್ಟಿಯಲ್ಲಿದೆ. ಬ್ರಿಟನ್ನಿನ ಪಟ್ಟಿ ಇನ್ನೂ ಸೋಜಿಗದ್ದು. ಅಲ್ಲಿ ವಾಸ ಹೂಡಿದ ಭಾರತೀಯರು ಹನ್ನೆರಡು ತಿಂಗಳು ಓಡಿಸಬಹುದು, ಆಮೇಲೆ ಹೊಸಬರಂತೆ ಕಲಿಕೆಯ ಪರವಾನಗಿ ತೆಗೆದು ಎರಡೂ ಪರೀಕ್ಷೆ ಪಾಸಾಗಬೇಕು. ರಸ್ತೆಯ ಎಡಬದಿಯಲ್ಲಿ ಓಡಿಸುವ ರೂಢಿಯನ್ನು ನಮಗೆ ಕಲಿಸಿದವರೇ ಅವರು. ಆದರೂ ಎಡಬದಿಯ ಭಾರತ ಅವರ ಪಟ್ಟಿಯಲ್ಲಿಲ್ಲ. ಬಲಬದಿಯಲ್ಲಿ ಓಡಿಸುವ ಸಂಯುಕ್ತ ಅರಬ್ ಎಮಿರೇಟ್ಸ್, ಉಕ್ರೇನ್, ತೈವಾನ್‌ಗಳನ್ನು 2021ರಲ್ಲಿ ಸೇರಿಸಿಕೊಂಡರು. ಜಿಂಬಾಬ್ವೆ ಬಹಳ ಹಿಂದಿನಿಂದಲೂ ಇದೆ.

ಇದಕ್ಕೆ ಎದುರಾಗಿ ನಮ್ಮ ಕಾನೂನಿನ ಪುಸ್ತಕ ಏನು ಹೇಳುತ್ತದೆಂದು ಒಂದು ರಾತ್ರಿ ಹುಡುಕಿ ಓದಿದೆ. 1988ರ ಮೋಟಾರು ವಾಹನ ಕಾಯಿದೆಯ 9ನೇ ಕಲಮಿನಲ್ಲಿ, ಭಾರತದ ಹೊರಗಿನ ಯಾವುದೇ ದೇಶದ ಸಕ್ಷಮ ಪ್ರಾಧಿಕಾರ ಕೊಟ್ಟ ಪರವಾನಗಿ ಉಳ್ಳವರು ವೈದ್ಯಕೀಯ ಪ್ರಮಾಣಪತ್ರದ ಷರತ್ತನ್ನು ಪೂರೈಸಿದರೆ ಅವರಿಗೆ ಚಾಲನಾ ಪರೀಕ್ಷೆ ಬೇಡವೆಂದಿದೆ. ಯಾವುದೇ ದೇಶ. ಪಟ್ಟಿಯಿಲ್ಲ, ಅನುಬಂಧವಿಲ್ಲ. ಎರಡು ವರ್ಷಕ್ಕೆಂದು ಬೆಂಗಳೂರಿಗೆ ಬಂದಿದ್ದ ನಮ್ಮ ಜರ್ಮನ್ ಮ್ಯಾನೇಜರು ಆ ಕಲಮನ್ನು ಬಳಸಿಕೊಳ್ಳಲಿಲ್ಲ ನಿಜ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಒಮ್ಮೆ ನೋಡಿದ ಮೇಲೆ ಅವರು ಸ್ಟೇರಿಂಗ್ ಮುಟ್ಟುವ ಮಾತನ್ನೇ ಎತ್ತಲಿಲ್ಲ. ಆದರೆ ಬಯಸಿದ್ದರೆ ಕಾನೂನು ಅವರ ಪರವಾಗಿತ್ತು. ಮುಯ್ಯಿ ಬರೆಸಿದವರು ನಾವು, ಪುಸ್ತಕದಲ್ಲಿ ನಮ್ಮ ಹೆಸರಿಲ್ಲ. ಕೇಳಿ ಬರೆಸಿಕೊಳ್ಳಬೇಕಾದವರು ದೆಹಲಿಯವರು.

ಇರಲಿ, ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಕಣ್ಣಿನ ತಪಾಸಣೆ, ತಲಾ ನಲವತ್ತೈದು ನಿಮಿಷದ ಒಂಬತ್ತು ಪಾಠಗಳ ಪ್ರಥಮ ಚಿಕಿತ್ಸೆಯ ತರಬೇತಿ, ಡಿಎಲ್‌ನ ಭಾಷಾಂತರ, ಫೋಟೊ, ಅರ್ಜಿ. ಬೇರೆ ದೇಶದ ಪರವಾನಗಿ ಇರುವವರು ಹೊಸಬರಂತೆ ಕಡ್ಡಾಯ ತರಗತಿಗಳಲ್ಲಿ ಕೂರಬೇಕಾಗಿಲ್ಲ, ಇಷ್ಟೇ ಗಂಟೆ ಓಡಿಸಿ ಕಲಿಯಬೇಕೆಂಬ ನಿಯಮವೂ ಇಲ್ಲ. ಆದರೆ ಪ್ರಾಯೋಗಿಕ ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಶಿಕ್ಷಕರೂ ಎರಡು ಜೊತೆ ಪೆಡಲ್ಲಿರುವ ಅವರ ಕಾರೂ ಬೇಕೇ ಬೇಕು, ಮತ್ತು ತಾವು ಒಂದಷ್ಟು ಪಾಠ ಹೇಳದೆ ಯಾವ ಶಿಕ್ಷಕರೂ ನಿಮ್ಮನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಎಲ್ಲ ಸೇರಿ ನನಗೆ ಬಿದ್ದ ಖರ್ಚು 1,400 ಯೂರೋ ದಾಟಿತು.

ಲಿಖಿತ ಪರೀಕ್ಷೆಯಲ್ಲಿ ಮೂವತ್ತು ಪ್ರಶ್ನೆ. ಹತ್ತು ತಪ್ಪಂಕದವರೆಗೆ ಪಾಸು, ಆದರೆ ಐದಂಕದ ಎರಡು ಪ್ರಶ್ನೆ ತಪ್ಪಿದರೆ ಫೇಲು. ಸಾವಿರಕ್ಕೂ ಹೆಚ್ಚು ಪ್ರಶ್ನೆಗಳ ಭಂಡಾರದಿಂದ ಅವು ಬರುತ್ತವೆ. ಜರ್ಮನ್ ಅಲ್ಲದೆ ಇನ್ನೂ ಹನ್ನೆರಡು ಭಾಷೆಗಳಲ್ಲಿ ಬರೆಯಬಹುದು. 2016ರಲ್ಲಿ ಅರಬ್ಬಿಯನ್ನೂ ಸೇರಿಸಿದರು. ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ, ಆದ್ದರಿಂದ ನಾನು ಇಂಗ್ಲಿಷಿನಲ್ಲಿ ಬರೆದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಚಾಲಕ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕಾರು 15 ಮೀಟರು ಹೋಗುತ್ತದೆ, ಬ್ರೇಕ್ ಒತ್ತಿದ ಮೇಲೆ ಇನ್ನೂ 25 ಮೀಟರು, ಒಟ್ಟು 40. ನೂರರ ವೇಗದಲ್ಲಾದರೆ 130. ದಿನವಿಡೀ ಬ್ರೇಕಿನ ದತ್ತಾಂಶದ ಜೊತೆಯೇ ಬದುಕುವ ನಾನು ಶಾಲೆಯ ಮಗ್ಗಿಯಂತಿದ್ದ ಈ ಸೂತ್ರವನ್ನು ನೋಡಿ ಮೊದಲು ಮೂಗು ಮುರಿದೆ. ಆಮೇಲೆ ಯೋಚಿಸಿದರೆ, ಒಂಬತ್ತು ವರ್ಷ ಹೊರವರ್ತುಲ ರಸ್ತೆಯಲ್ಲಿ ಮುಂದಿನ ಕಾರಿನಿಂದ ಮೂರು ಮೀಟರಿನ ಅಂತರದಲ್ಲಿ ಓಡಿಸಿದವಳೂ ನಾನೇ. ಗೊತ್ತಿದ್ದ ಲೆಕ್ಕವನ್ನು ರಸ್ತೆಗೆ ಅನ್ವಯಿಸಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪ್ರಾಯೋಗಿಕ ಪರೀಕ್ಷೆ ಐವತ್ತೈದು ನಿಮಿಷ. ಮೊದಲ ಸಲ ನಾನು ಹದಿನೆಂಟನೆಯ ನಿಮಿಷಕ್ಕೇ ಫೇಲಾದೆ. ಗಂಟೆಗೆ 30 ಕಿಲೋಮೀಟರ್ ಮಿತಿಯಿರುವ ವಸತಿ ಬೀದಿ. ಎರಡೂ ಬದಿಗೆ ಸಾಲಾಗಿ ನಿಂತ ಕಾರುಗಳು, ಸಿಗ್ನಲ್ ಇಲ್ಲ, ಬೋರ್ಡಿಲ್ಲ. ಇಂಥ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. 'ರೆಖ್ಟ್ಸ್ ಫೋರ್ ಲಿಂಕ್ಸ್', ಎಡಕ್ಕಿಂತ ಬಲ ಮೊದಲು, ಎಂದು ಇಲ್ಲಿನ ಮಕ್ಕಳೂ ಹೇಳುತ್ತಾರೆ. ನನ್ನ ಬೀದಿ ಅಗಲವಾಗಿತ್ತು, ಬಲಗಡೆಯದು ಗಲ್ಲಿಯಂತಿತ್ತು. ದೊಡ್ಡ ರಸ್ತೆಯವರಿಗೆ ಹಕ್ಕು ಎಂಬ ನಮ್ಮೂರ ಲೆಕ್ಕ ನನ್ನ ಕಾಲಿನಲ್ಲಿ ಕುಳಿತಿತ್ತು. ಇನ್ನೇನು ದಾಟಬೇಕು, ನನ್ನ ಪಾದದ ಪಕ್ಕದಲ್ಲಿದ್ದ ಬ್ರೇಕ್ ಪೆಡಲ್ ಯಾರೂ ಮುಟ್ಟದೆ ತಾನಾಗಿಯೇ ಒಳಗೆ ಇಳಿಯಿತು. ಪಕ್ಕದ ಶಿಕ್ಷಕರು ತಮ್ಮ ಪೆಡಲನ್ನು ಒತ್ತಿದ್ದರು. ಬಲಗಡೆಯ ಗಲ್ಲಿಯಿಂದ ಬಿಳಿಯ ವ್ಯಾನೊಂದು ನಮ್ಮ ಮುಂದೆ ಸಾವಕಾಶವಾಗಿ ಹಾದುಹೋಯಿತು. ಶಿಕ್ಷಕರ ಕಾಲು ಪೆಡಲ್ ಮುಟ್ಟಿತೆಂದರೆ ಪರೀಕ್ಷೆ ಮುಗಿದಂತೆ. ಹಿಂದೆ ಕುಳಿತಿದ್ದ ಪರೀಕ್ಷಕರು ನಿಟ್ಟುಸಿರಿಟ್ಟು ಟ್ಯಾಬ್ಲೆಟ್ಟಿನಲ್ಲಿ ಏನೋ ಗುರುತು ಹಾಕಿಕೊಂಡರು. ನನ್ನ ಬಳಿ ಹೇಳಲು ಏನೂ ಇರಲಿಲ್ಲ. ನ್ಯಾಯವಾಗಿಯೇ ಫೇಲಾಗಿದ್ದೆ.

ಆ ಸಂಜೆ ಮನಸ್ಸು ತಡೆಯದೆ ನಮ್ಮ ದೇಶದ 1989ರ ರಸ್ತೆ ನಿಯಮಗಳನ್ನು ತೆರೆದು ನೋಡಿದೆ. ನಿಯಂತ್ರಣವಿಲ್ಲದ ಕೂಡುರಸ್ತೆಯನ್ನು ಪ್ರವೇಶಿಸುವ ಚಾಲಕ, ಮುಖ್ಯರಸ್ತೆಗೆ ಸೇರುತ್ತಿಲ್ಲವಾದರೆ, ತನ್ನ ಬಲಗಡೆಯಿಂದ ಬರುವ ಎಲ್ಲ ವಾಹನಗಳಿಗೂ ದಾರಿ ಬಿಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ನನಗೆ ಡಿಎಲ್ ಕೊಟ್ಟಾಗ ಆ ನಿಯಮ ಜಾರಿಯಲ್ಲೇ ಇತ್ತು. ಜರ್ಮನಿಯವರು ನನ್ನನ್ನು ಫೇಲು ಮಾಡಿದ ಪಾಠವನ್ನು ನನ್ನ ರಾಜ್ಯವೇ ನನಗೆ ಕಲಿಸಿ, ಪರೀಕ್ಷಿಸಿ, ಆಮೇಲೆ ಕಾರ್ಡು ಕೊಡಬೇಕಾಗಿತ್ತು. ಆ ಇನ್ನೂರು ಮೀಟರಿನಲ್ಲಿ ಒಂದೂ ಕೂಡುರಸ್ತೆ ಇರಲಿಲ್ಲ.

ಅಕ್ಟೋಬರಿನ ನಡುವೆ ಎರಡನೆಯ ಸಲಕ್ಕೆ ಪಾಸಾದೆ. ಆದ್ದರಿಂದ ನನ್ನ ಸ್ವಂತ ದೂರು ಅಲ್ಲಿಗೆ ಮುಗಿಯಿತೆನ್ನಬಹುದು: ಕೈಯಲ್ಲಿ ಹಣವಿತ್ತು, ಮನೆಯ ಮುಂದೆ ಟ್ರಾಮ್ ಇತ್ತು, ಕೆಲಸಕ್ಕೆ ಕಾರು ಬೇಕಿರಲಿಲ್ಲ. ಎಲ್ಲರಿಗೂ ಹಾಗಿಲ್ಲ. ಎಸ್ಲಿಂಗೆನ್ ಕಡೆ ಉಡುಪಿಯ ಹುಡುಗಿಯೊಬ್ಬಳು ನರ್ಸ್ ಆಗಿದ್ದಾಳೆ. ಕನ್ನಡ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪರಿಚಯವಾದವಳು. ಹಾಸಿಗೆ ಹಿಡಿದ ವೃದ್ಧರ ಮನೆಗಳಿಗೇ ಹೋಗಿ ಮಾತ್ರೆ, ಇಂಜೆಕ್ಷನ್, ಗಾಯದ ಪಟ್ಟಿ ನೋಡಿಕೊಳ್ಳುವ ಸೇವೆ ಅವಳದು. ಒಂದು ಪಾಳಿಯಲ್ಲಿ ಹದಿನಾಲ್ಕು ಮನೆ. ಸಂಸ್ಥೆ ಸಣ್ಣ ಕಾರು ಕೊಡುತ್ತದೆ, ಆರು ತಿಂಗಳು ಅವಳು ಅದರಲ್ಲೇ ಓಡಾಡಿದಳು, ಬೆಟ್ಟದ ಓಣಿಗಳೆಲ್ಲ ಬಾಯಿಪಾಠವಾದವು. ಏಳನೆಯ ತಿಂಗಳ ಮೊದಲ ದಿನ ಕಾರಿನ ಕೀಲಿ ವಾಪಸು ಕೊಡಬೇಕಾಯಿತು. ಅವಳ ನರ್ಸಿಂಗ್ ಪದವಿಯನ್ನು ಒಂದೊಂದು ವಿಷಯದ ಗಂಟೆಗಳನ್ನು ಎಣಿಸಿ, ಕಡಿಮೆ ಬಿದ್ದ ಪಾಠವನ್ನಷ್ಟೇ ಇಲ್ಲಿ ಓದಿಸಿ ಮಾನ್ಯ ಮಾಡಿದ ದೇಶವಿದು. ಡಿಎಲ್ ವಿಷಯದಲ್ಲಿ ಮಾತ್ರ ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎಂದು ಎಣಿಸುವ ಗೋಜಿಗೆ ಹೋಗುವುದಿಲ್ಲ. ಈಗ ಅವಳು ಬಸ್ಸಿಗೆ ಹತ್ತಿರವಿರುವ ಐದಾರು ಮನೆಗಳಿಗೆ ಹೋಗುತ್ತಾಳೆ, ಉಳಿದ ಹೊತ್ತು ಕಚೇರಿಯಲ್ಲಿ ಕಡತ ನೋಡುತ್ತಾಳೆ. ಪಾಳಿಯ ಭತ್ಯೆ ಕಡಿಮೆಯಾಗಿದೆ, ಪರೀಕ್ಷೆಯ ಹಣ ಕೂಡಿಸಬೇಕಾದದ್ದೂ ಅದರಲ್ಲೇ.

ಅವಳ ಅಣ್ಣ ಕುವೈತಿನಲ್ಲಿ ಎ.ಸಿ. ಮೆಕ್ಯಾನಿಕ್. ಅವನು ಅಲ್ಲಿಗೆ ಹೋದ ಕಾಲದ ನಿಯಮದಲ್ಲಿ ವಿದೇಶಿಯರು ಸಾಮಾನ್ಯವಾಗಿ ಲೈಸೆನ್ಸಿಗೆ ಅರ್ಜಿ ಹಾಕಬೇಕಾದರೆ ಎರಡು ವರ್ಷ ವಾಸ, ವಿಶ್ವವಿದ್ಯಾಲಯದ ಪದವಿ, ತಿಂಗಳಿಗೆ ಕನಿಷ್ಠ 600 ದಿನಾರ್ ಸಂಬಳ ಇರಬೇಕಾಗಿತ್ತು. ಕೆಲವು ವೃತ್ತಿಗಳಿಗೆ ಮಾತ್ರ ರಿಯಾಯಿತಿ. ಐ.ಟಿ.ಐ. ಓದಿದ ಅವನಿಗೆ ಪರೀಕ್ಷೆಗೆ ಕೂರುವ ಹಕ್ಕೇ ಇರಲಿಲ್ಲ. ಅಲ್ಲಿ ಕೇಳುತ್ತಿದ್ದದ್ದು ಗಾಡಿ ಓಡಿಸಲು ಬರುತ್ತದೆಯೇ ಎಂಬುದನ್ನಲ್ಲ, ರಸ್ತೆಯ ಮೇಲೆ ನಿನ್ನಂಥವನು ಬೇಕೇ ಎಂಬುದನ್ನು. ತಂಗಿ ಹೇಳುವ ಪ್ರಕಾರ, ಜರ್ಮನಿಯ ನಿಯಮದ ಬಗ್ಗೆ ಅವಳು ಫೋನಿನಲ್ಲಿ ಗೊಣಗಿದಾಗ ಅಣ್ಣನ ಉತ್ತರ, "ನಿಂಗೆ ಪರೀಕ್ಷೆಯಾದ್ರೂ ಕೊಡ್ತಾರಲ್ಲ ಮಾರಾಯ್ತಿ" ಎಂದು.

2024ರ ಅಕ್ಟೋಬರಿನಲ್ಲಿ ಜರ್ಮನಿಯ ಆಗಿನ ಚಾನ್ಸಲರ್ ಓಲಾಫ್ ಶೋಲ್ಟ್ಸ್ ದೆಹಲಿಗೆ ಬಂದಾಗ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವ ಮಾತು ಹೊರಬಿತ್ತು. ಕರೆಯುವವರಿಗೆ ನಾವು ಬೇಕು, ಅದರಲ್ಲಿ ಸಂಶಯವಿಲ್ಲ. ಮನಸ್ಸಿದ್ದರೆ ಲೈಸೆನ್ಸಿನ ನಿಯಮ ಎಷ್ಟು ಬೇಗ ಬದಲಾಗುತ್ತದೆಂಬುದಕ್ಕೂ ಉದಾಹರಣೆಯಿದೆ: 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು, ಉಕ್ರೇನಿನಿಂದ ಬಂದು ತಾತ್ಕಾಲಿಕ ರಕ್ಷಣೆ ಪಡೆದವರು ತಮ್ಮ ದೇಶದ ಕಾರ್ಡನ್ನೇ ಬಳಸಬಹುದೆಂದು ಐರೋಪ್ಯ ಒಕ್ಕೂಟ ಜುಲೈ ಹೊತ್ತಿಗೆ ನಿಯಮ ಮಾಡಿತು. ಅದು ಸರಿಯಾದ ಕೆಲಸ. ಯುದ್ಧದಿಂದ ಓಡಿಬಂದವರೊಂದಿಗೆ ಸಂಬಳಕ್ಕೆ ಬಂದ ನನ್ನನ್ನು ಹೋಲಿಸಿಕೊಳ್ಳುವುದು ಅಸಭ್ಯತೆ. ಪರೀಕ್ಷೆಯನ್ನು ತೆಗೆಯಿರಿ ಎಂದೂ ನಾನು ಕೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಆರು ತಿಂಗಳು ಓಡಿಸಲು ಬಿಟ್ಟ ಚಾಲಕರನ್ನು, ಅವರ ಕಾರ್ಡು ಟೆಕ್ಸಸ್ಸಿನದಾಗಲಿ ತುಮಕೂರಿನದಾಗಲಿ, ಒಂದು ದಿನ ರಸ್ತೆಯಲ್ಲಿ ಕಾರು ಓಡಿಸಲು ಕೂರಿಸಿ ನೋಡಿ. ಬರುವವರಿಗೆ ಕೊಡಿ, ಬರದವರಿಗೆ ಕಲಿಸಿ. ನಾನಂತೂ ಮೊದಲ ದಿನ ಎರಡನೆಯ ಗುಂಪಿನಲ್ಲೇ ಇರುತ್ತಿದ್ದೆ. ದಾವಣಗೆರೆಯ ಹುಡುಗ ಯಾವುದರಲ್ಲಿ ಇರುತ್ತಿದ್ದನೆಂದು ಅವನೂ ನಾನೂ ಊಟದ ಹೊತ್ತಿನಲ್ಲಿ ಇನ್ನೂ ಜಗಳವಾಡುತ್ತೇವೆ.

ಹೊಸ ಕಾರ್ಡು ಕೊಡುವಾಗ ಹಳೆಯದನ್ನು ಒಪ್ಪಿಸಬೇಕೆಂಬುದೂ ನಿಯಮ. ಕೌಂಟರಿನ ಹೆಂಗಸು ನನ್ನ ಕರ್ನಾಟಕದ ಡಿಎಲ್ ತೆಗೆದುಕೊಂಡು, ಕನ್ನಡದ ಅಕ್ಷರಗಳನ್ನು ಒಂದು ಕ್ಷಣ ನೋಡಿ, ಲಕೋಟೆಯೊಳಗೆ ಹಾಕಿ ಡ್ರಾಯರಿಗೆ ಸೇರಿಸಿದಳು. ಡಿಜಿಲಾಕರಿನಲ್ಲಿ ಅದರ ಪ್ರತಿ ಇರುವುದರಿಂದ ಊರಿನಲ್ಲಿ ಓಡಿಸಲು ತೊಂದರೆಯಾಗಿಲ್ಲ.

ಉಡುಪಿಯ ಹುಡುಗಿಯ ಲಿಖಿತ ಪರೀಕ್ಷೆ ಮುಂದಿನ ಗುರುವಾರ. ಅವಳ ಜರ್ಮನ್ ರೋಗಿಗಳ ಮಾತಿಗೆ ಸಾಕಾಗುತ್ತದೆ, ಪ್ರಶ್ನೆಪತ್ರಿಕೆಯ ಜರ್ಮನ್ ಬೇರೆ. ಅದರ ಇಂಗ್ಲಿಷ್ ಭಾಷಾಂತರವಂತೂ ಕೆಲವು ಕಡೆ ನನಗೂ ಅರ್ಥವಾಗುವುದಿಲ್ಲ. ಹಾಗಾಗಿ ಮೂರು ಭಾನುವಾರಗಳಿಂದ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇವೆ. ನಿನ್ನೆ ರಾತ್ರಿಗೆ 212 ಆದವು. ಕೂಡುರಸ್ತೆಯ ಪುಟದಲ್ಲಿ ಅವಳು ದೊಡ್ಡ ಅಕ್ಷರದಲ್ಲಿ "ಬಲಗಡೆಯವರು ಮೊದಲು, ಗಲ್ಲಿ ಆದ್ರೂ ಸೈ" ಎಂದು ಬರೆದು ಎರಡು ಗೆರೆ ಎಳೆದಿದ್ದಾಳೆ.